ಹುಟ್ಟಿದಾಗ ಕೂಸು ಛಲೋ ಇತ್ರಿ

"ಡಾಕ್ಟ್ರ, ಹುಟ್ಟಿದಾಗ ಕೂಸು ಬಾಳ ಛಲೋ ಇತ್ರಿ."

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರ್. ಇಪ್ಪತ್ತು ವರ್ಷಗಳಿಂದ ಈ ಮಾತು ಕೇಳುತ್ತಿದ್ದೇನೆ. ಮಾತು ಸುಳ್ಳಲ್ಲ. ಕೂಸು ನಿಜವಾಗಲೂ ಛಲೋ ಇರುತ್ತದೆ. ಮೂರು ಕೆಜಿ ತೂಕ, ಕೆಂಪು ಕೆನ್ನೆ, ಜೋರು ಅಳು. ತೊಟ್ಟಿಲು ಕಾರ್ಯದ ಫೋಟೋ ಮೊಬೈಲಿನಲ್ಲಿ ತೆಗೆದು ತೋರಿಸುತ್ತಾರೆ. ನನಗೆ ಸಿಟ್ಟು ಬರೋದು ಅದರ ಮುಂದಿನ ಮಾತಿಗೆ. "ಅಂದಮ್ಯಾಲೆ ಇದು ಹುಟ್ಟಿನಿಂದ ಬಂದ ರೋಗ ಹೆಂಗ ಆಕ್ಕೈತ್ರಿ?"

ಶಿರಹಟ್ಟಿ ಕಡೆಯ ಒಂದು ಕುಟುಂಬ. ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ. ಎಂಟು ತಿಂಗಳ ಗಂಡು ಕೂಸು. ಎರಡು ತಿಂಗಳಿಂದ ತೂಕ ಏರಿಲ್ಲ. ಹಾಲು ಕುಡಿಯುತ್ತಾ ನಡುವೆ ಬಿಟ್ಟು ಏದುಸಿರು ಬಿಡುತ್ತಿತ್ತು. ಅದರ ಅಂಗೈ ಬಿಡಿಸಿ ತಾಯಿಯ ಅಂಗೈ ಪಕ್ಕ ಇಟ್ಟೆ. ಜೋಳದ ಹಿಟ್ಟಿನ ಬಣ್ಣ. ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟರೆ ಊದಿದ ಗುಲ್ಮ ಕೈಗೆ ಸಿಕ್ಕಿತು. ಹಿಮೋಗ್ಲೋಬಿನ್ 4.6.

ಅಜ್ಜಿಯ ಹತ್ತಿರ ಆರೋಪಿಗಳ ಪಟ್ಟಿ ರೆಡಿ ಇತ್ತು. ಮೂರೂವರೆ ತಿಂಗಳಿಗೆ ಹಾಕಿಸಿದ ಸೂಜಿ. ಜಾತ್ರೆಯಲ್ಲಿ ಆದ ದೃಷ್ಟಿ. ತವರುಮನೆಯ ಬೋರಿನ ನೀರು. ಕೊನೆಗೆ ದನಿ ತಗ್ಗಿಸಿ, "ಸೊಸಿ ಹಾಲು ತೆಳು ಐತ್ರಿ" ಅಂದಳು. ಸೊಸೆ ತಲೆ ಎತ್ತಲಿಲ್ಲ. ಸೆರಗಿನ ದಾರ ಎಳೆಯುತ್ತಾ ಕೂತಿದ್ದಳು.

ರಿಪೋರ್ಟ್ ಬಂತು. ಬೀಟಾ ಥಲಸ್ಸೇಮಿಯಾ ಮೇಜರ್. ಮೈ ಸಾಕಷ್ಟು ಹಿಮೋಗ್ಲೋಬಿನ್ ಮಾಡಲಾರದ ರಕ್ತದ ರೋಗ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದು ಸೇರಿದಾಗ ಆಗುವಂಥದ್ದು. ಬಸಿರು ನಿಂತ ದಿನದಿಂದಲೇ ಆ ಜೀನ್ ಕೂಸಿನೊಳಗಿತ್ತು. ಇಷ್ಟು ಹೇಳಿದ ಮೇಲೆ ಮತ್ತೆ ಅದೇ ಮಾತು: "ಆರು ತಿಂಗಳ ತನಕಾ ಛಲೋ ಇತ್ತಲ್ರಿ?"

ಸಿಟ್ಟು ಪಕ್ಕಕ್ಕಿಟ್ಟು ನೋಡಿದರೆ ಇದು ಬಹಳ ಒಳ್ಳೆಯ ಪ್ರಶ್ನೆ. 1948ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಕೂಡ ಇಂಥದ್ದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಅವರು ನೋಡುತ್ತಿದ್ದದ್ದು ಸಿಕಲ್ ಸೆಲ್ ರೋಗದ ಕೂಸುಗಳನ್ನು. ಹುಟ್ಟಿದ ಹೊಸದರಲ್ಲಿ ಅವುಗಳ ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವುದು ಬಹಳ ಕಡಿಮೆ. ಕೂಸಿನ ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೇರೆ ಥರದ್ದು, ಅದೇ ಕಾಪಾಡುತ್ತಿರಬೇಕು ಎಂದು ಅವರು ಊಹಿಸಿದರು. ಊಹೆ ಸರಿ ಇತ್ತು.

ಜೀನ್ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಇದೊಂದು ತಲೆಗೆ ಹೋದರೆ ನನ್ನ ಅರ್ಧ ಕೆಲಸ ಮುಗಿದಂತೆ. ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶದಲ್ಲೂ ಅದೇ ಸುಮಾರು 20 ಸಾವಿರ ಜೀನ್‌ಗಳಿವೆ. ಕಣ್ಣಿನ ಕೋಶದಲ್ಲೂ ಹಿಮೋಗ್ಲೋಬಿನ್ ಮಾಡುವ ಜೀನ್ ಇದೆ. ಆದರೆ ಕಣ್ಣು ಹಿಮೋಗ್ಲೋಬಿನ್ ಮಾಡುತ್ತಾ ಕೂರೋದಿಲ್ಲ, ಅಲ್ವಾ? ಯಾವ ಕೋಶ, ಯಾವ ಹೊತ್ತಿಗೆ, ಯಾವ ಜೀನಿನ ನಕಲು ತೆಗೆದು ಕೆಲಸಕ್ಕೆ ಹಚ್ಚಬೇಕು ಎನ್ನುವುದಕ್ಕೆ ಬೇರೆಯೇ ಏರ್ಪಾಡಿದೆ. ನಕಲು ತೆಗೆಯದ ಜೀನ್ ಕೆಟ್ಟಿದ್ದರೂ ಅಷ್ಟೇ, ಸರಿ ಇದ್ದರೂ ಅಷ್ಟೇ. ಗೊತ್ತೇ ಆಗುವುದಿಲ್ಲ.

ದೊಡ್ಡವರ ಹಿಮೋಗ್ಲೋಬಿನ್ನಿನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ. ಇದು ಹಿಮೋಗ್ಲೋಬಿನ್ ಎ. ಹೊಟ್ಟೆಯೊಳಗಿನ ಕೂಸಿಗೆ ಬೀಟಾ ಜಾಗದಲ್ಲಿ ಗಾಮಾ. ಇದನ್ನು ಹಿಮೋಗ್ಲೋಬಿನ್ ಎಫ್ ಅನ್ನುತ್ತೇವೆ. ಅದಕ್ಕೆ ಆಕ್ಸಿಜನ್ ಮೇಲೆ ಹಿಡಿತ ಜಾಸ್ತಿ. ತಾಯಿಯ ರಕ್ತದಿಂದ ಎಳೆದುಕೊಳ್ಳಬೇಕಲ್ಲ, ಅದಕ್ಕೆ. ಗಾಮಾ, ಬೀಟಾ ಜೀನ್‌ಗಳು 11ನೇ ಕ್ರೋಮೋಸೋಮಿನ ಮೇಲೆ ಒಂದೇ ಸಾಲಿನಲ್ಲಿವೆ. ಮೊದಲು ಬಳಕೆಗೆ ಬರುವುದು ಮೊದಲು, ಆಮೇಲೆ ಬರುವುದು ಆಮೇಲೆ, ಪಂಕ್ತಿ ಊಟಕ್ಕೆ ಕೂತಂತೆ. ಹುಟ್ಟುವಾಗ ಕೂಸಿನ ರಕ್ತದಲ್ಲಿ ಹೆಚ್ಚಿನ ಪಾಲು ಎಫ್ ಇರುತ್ತದೆ. ತಿಂಗಳುಗಳು ಕಳೆದಂತೆ ಗಾಮಾ ಬಹುತೇಕ ಕೆಲಸ ನಿಲ್ಲಿಸುತ್ತದೆ, ಬೀಟಾ ವಹಿಸಿಕೊಳ್ಳುತ್ತದೆ. ಬೀಟಾ ಕೆಟ್ಟಿದ್ದರೆ ಬಣ್ಣ ಬಯಲಾಗುವುದು ಆಗಲೇ. ಅದಕ್ಕೇ ಆರು ತಿಂಗಳು.

ಇಲ್ಲಿ ತಪ್ಪು ತಿಳಿಯುವವರು ಇನ್ನೂ ಇದ್ದಾರೆ, ಅದಕ್ಕೆ ಇನ್ನೊಂದು ಮಾತು. ಆಲ್ಫಾ ಜೀನ್ 16ನೇ ಕ್ರೋಮೋಸೋಮಿನ ಮೇಲಿದೆ. ಅದು ಹೊಟ್ಟೆಯಲ್ಲೂ ಬೇಕು, ಹೊರಗೆ ಬಂದ ಮೇಲೂ ಬೇಕು. ಹಾಗಾಗಿ ಆಲ್ಫಾ ಪೂರ್ತಿ ಕೈಕೊಟ್ಟರೆ ಆರು ತಿಂಗಳು ಕಾಯುವ ಮಾತೇ ಇಲ್ಲ. ಕೂಸು ಬಸಿರಿನಲ್ಲೇ ಸಂಕಟಕ್ಕೆ ಬೀಳುತ್ತದೆ. ರೋಗ ಯಾವಾಗ ಕಾಣುತ್ತದೆ ಎನ್ನುವುದು ಆ ಜೀನಿನ ಪಾಳಿ ಯಾವಾಗ ಬರುತ್ತದೆ ಎನ್ನುವುದರ ಮೇಲೆ.

ಪಾಳಿ ಬದಲಾಗುವುದಕ್ಕೆ ತೊಟ್ಟಿಲು ಕಾರ್ಯವೂ ಕಾರಣವಲ್ಲ, ಸೂಜಿಯೂ ಅಲ್ಲ. ಹೆರಿಗೆ ಕೂಡ ಅಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿನಲ್ಲಿ ಈ ಬದಲಾವಣೆ ಎರಡು ತಿಂಗಳು ಮೊದಲೇ ಆಗಿಬಿಡುವುದಿಲ್ಲ. ಬಸಿರು ನಿಂತಾಗಿನಿಂದ ಲೆಕ್ಕ ಹಿಡಿದ ಗಡಿಯಾರ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಇದನ್ನೆಲ್ಲ ಗಾಮಾ ಬೀಟಾ ಅಂದುಕೊಂಡು ಹೇಳಿದರೆ ಒಪಿಡಿಯಲ್ಲಿ ಯಾರೂ ಕೇಳೋದಿಲ್ಲ. ನಾನು ಪಂಪಿನ ಕಥೆ ಹೇಳುತ್ತೇನೆ. ಹೊಲದಲ್ಲಿ ಎರಡು ಬೋರು. ಹಳೇದು ಚಾಲೂ ಇದೆ, ನೀರು ಬರ್ತಾ ಇದೆ. ಹೊಸದರಲ್ಲಿ ಇಳಿಸಿದ ಮೋಟರ್ ಅಂಗಡಿಯಿಂದ ಬರುವಾಗಲೇ ಸುಟ್ಟಿದೆ, ಆದರೆ ಯಾರೂ ಬಟನ್ ಒತ್ತಿ ನೋಡಿಲ್ಲ. ಬೇಸಿಗೆಗೆ ಹಳೇದು ಬಂದ್ ಮಾಡಿ ಹೊಸದರ ಬಟನ್ ಒತ್ತಿದರೆ ನೀರಿಲ್ಲ. ಮೋಟರ್ ಸುಟ್ಟಿದ್ದು ಬೇಸಿಗೆಯಲ್ಲಾ? ಅಲ್ಲ. ಗೊತ್ತಾಗಿದ್ದು ಬೇಸಿಗೆಯಲ್ಲಿ.

ಹಾನಗಲ್ ಕಡೆಯ ಒಬ್ಬ ಅಜ್ಜ ಇದನ್ನು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ. "ಮೋಟರ್ ಸುಟ್ರ ರಿವೈಂಡಿಂಗ್ ಮಾಡಸ್ತೇವ್ರಿ. ಇದಕ್ಕ ರಿವೈಂಡಿಂಗ್ ಐತೇನ್ರಿ?" ನಾನು ಇಲ್ಲ ಅಂದೆ. "ಹಂಗಾರ ಹಳೇ ಪಂಪ್ ಯಾಕ್ರಿ ಬಂದ್ ಮಾಡಬೇಕು? ಅದನ್ನ ಮತ್ತ ಚಾಲೂ ಮಾಡ್ರಲಾ."

ನಾನು ಪೆನ್ನು ಕೆಳಗಿಟ್ಟೆ. ದೊಡ್ಡ ದೊಡ್ಡ ಲ್ಯಾಬುಗಳು ವರ್ಷಗಟ್ಟಲೆ ಹಿಂದೆ ಬಿದ್ದದ್ದು ಇದಕ್ಕೇ. ಕೆಲವರಲ್ಲಿ ಗಾಮಾ ದೊಡ್ಡವರಾದ ಮೇಲೂ ನಿಲ್ಲುವುದೇ ಇಲ್ಲ, ಅವರು ಆರಾಮಾಗಿರುತ್ತಾರೆ. ಹಾಗಾದರೆ ಉಳಿದವರಲ್ಲಿ ಅದನ್ನು ಬಂದ್ ಮಾಡುವವರು ಯಾರು? 2008ರಲ್ಲಿ ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಆರ್ಕಿನ್ ಅವರ ಲ್ಯಾಬಿನಲ್ಲಿ ವಿಜಯ್ ಶಂಕರನ್ ಮತ್ತು ಜೊತೆಗಾರರು ಅದನ್ನು ತೋರಿಸಿದರು. ಬಿಸಿಎಲ್11ಎ ಎನ್ನುವ ಪ್ರೋಟೀನ್. ಗಾಮಾದ ಬಾಗಿಲಿಗೆ ಬೀಗ ಹಾಕುವುದರಲ್ಲಿ ಇದರದ್ದೇ ದೊಡ್ಡ ಪಾಲು.

ಬೀಗ ಇದ್ದಂತೆ ಬಟನ್ನೂ ಇದೆ. ಅದು ಜೀನಿನ ಪಕ್ಕದಲ್ಲೇ ಇರಬೇಕೆಂದಿಲ್ಲ. ಬೀಟಾ ಜೀನಿಗೆ ಜೋರು ಕೊಡುವ ಭಾಗ ಅದರಿಂದ ಸುಮಾರು 50 ಸಾವಿರ ಡಿಎನ್‌ಎ ಅಕ್ಷರ ದೂರದಲ್ಲಿದೆ. ಡಿಎನ್‌ಎ ದಾರ ಬಾಗಿ, ಕುಣಿಕೆಯಾಗಿ, ಆ ಭಾಗ ಬಂದು ಜೀನಿಗೆ ತಾಗುತ್ತದೆ. ಕೆಲವು ಕುಟುಂಬಗಳಲ್ಲಿ ಬೀಟಾ ಜೀನ್ ಒಂದಕ್ಷರ ಕೆಟ್ಟಿರುವುದಿಲ್ಲ, ಈ ದೂರದ ಭಾಗವೇ ಕಳೆದುಹೋಗಿರುತ್ತದೆ. ಆಗಲೂ ಥಲಸ್ಸೇಮಿಯಾ. ಮೋಟರ್ ಹೊಸದು, ವೈರ್ ಇಲ್ಲ.

2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಕ್ಯಾಸ್‌ಜೆವಿ ಚಿಕಿತ್ಸೆ ಹೆಚ್ಚುಕಡಿಮೆ ಅಜ್ಜನ ಐಡಿಯಾ. ರೋಗಿಯ ಕಾಂಡಕೋಶ, ಅಂದರೆ ರಕ್ತ ಹುಟ್ಟಿಸುವ ಮೂಲಕೋಶ, ತೆಗೆದು, ಆ ಬೀಗದ ಜೀನಿಗೆ ಇರುವ ಬಟನ್ನನ್ನು ಕತ್ತರಿಸಿ, ಮತ್ತೆ ಮೈಗೆ ಸೇರಿಸುತ್ತಾರೆ. ಬೀಗದ ಪ್ರೋಟೀನ್ ಮಿದುಳಿನಲ್ಲಿ, ಬೇರೆ ರಕ್ತಕೋಶಗಳಲ್ಲಿ ಬೇರೆ ಕೆಲಸಕ್ಕೂ ಬೇಕು. ಹಾಗಾಗಿ ಕೆಂಪು ರಕ್ತಕಣದಲ್ಲಿ ಮಾತ್ರ ಅದನ್ನು ಚಾಲೂ ಮಾಡುವ ಬಟನ್ ಹುಡುಕಿ ಕತ್ತರಿಸಿದ್ದಾರೆ. ಬೀಟಾ ಜೀನನ್ನು ಯಾರೂ ಮುಟ್ಟಿಲ್ಲ. ಕೆಟ್ಟದ್ದು ಕೆಟ್ಟೇ ಇದೆ, ಹಳೇ ಪಂಪ್ ಮತ್ತೆ ಓಡುತ್ತದೆ.

ಈ ಸುದ್ದಿ ವಾಟ್ಸಾಪಿನಲ್ಲಿ ಬಂದಾಗಿನಿಂದ ಫೋನು ಜಾಸ್ತಿ. ಸ್ವಲ್ಪ ತಡೆಯಿರಿ. ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಇದರ ಬೆಲೆ 22 ಲಕ್ಷ ಡಾಲರ್ ಇತ್ತು. ಮೊದಲು ಅನುಮತಿ ಸಿಕ್ಕಿದ್ದು 12 ವರ್ಷ ಮೇಲ್ಪಟ್ಟವರಿಗೆ. ಕೋಶ ವಾಪಸ್ ಹಾಕುವ ಮೊದಲು ಕೀಮೋ ಕೊಟ್ಟು ಮೂಳೆಮಜ್ಜೆ ಖಾಲಿ ಮಾಡಬೇಕು, ಅದು ಹಗುರದ ವಿಷಯ ಅಲ್ಲ. ಹೊಂದುವ ಅಣ್ಣ-ತಂಗಿ ಇದ್ದರೆ ಮೂಳೆಮಜ್ಜೆ ಕಸಿ ಮೊದಲಿನಿಂದಲೂ ಇದೆ. ಅದನ್ನು ಮೊದಲು ವಿಚಾರಿಸಿ. ಹೈಡ್ರಾಕ್ಸಿಯೂರಿಯಾ ಮಾತ್ರೆ ಕೆಲವರಲ್ಲಿ ಗಾಮಾವನ್ನು ತಕ್ಕಮಟ್ಟಿಗೆ ಏರಿಸುತ್ತದೆ. ಎಲ್ಲರಲ್ಲೂ ಅಲ್ಲ, ಡಾಕ್ಟರ್ ಕಣ್ಗಾವಲು ಇಲ್ಲದೆಯೂ ಅಲ್ಲ.

"ಜೀನ್ ಎಬ್ಬಿಸುವ" ಪೌಡರ್ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟವರೂ ಇದ್ದಾರೆ. ಉಂಡಾಗ, ಹಸಿದಾಗ, ಮಲಗಿದಾಗ ಮೈಯಲ್ಲಿ ಜೀನ್‌ಗಳು ಏಳುತ್ತಾ ಬೀಳುತ್ತಾ ಇರುತ್ತವೆ, ನಿಜ. ನೀವು ಅನ್ನ ಸಾರು ತಿಂದರೂ ಏಳುತ್ತವೆ. ಅಷ್ಟಕ್ಕೆ ಸಾವಿರಗಟ್ಟಲೆ ಯಾಕೆ ಕೊಡುತ್ತೀರಿ? ಆ ಡಬ್ಬಿಯ ಹಿಂದೆ ಕಬ್ಬಿಣದ ಅಂಶ ಎಂದು ಬೇರೆ ಬರೆದಿತ್ತು. ಈ ರೋಗಕ್ಕೆ ಪದೇ ಪದೇ ರಕ್ತ ಏರಿಸಿಕೊಳ್ಳುವ ಕೂಸಿನ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿಯಾಗುತ್ತಾ ಹೋಗುತ್ತದೆ. ಅದನ್ನು ತೆಗೆಯಲು ನಾವು ಔಷಧ ಕೊಡುತ್ತೇವೆ, ಇವರು ಮೇಲೆ ಸುರಿಯುತ್ತಾರೆ.

ಸೂಜಿಯ ಮಾತು ಸುಮ್ನೆ ಬಿಡಲಾರೆ. 6, 10, 14 ವಾರಕ್ಕೆ ಲಸಿಕೆ ಇರುತ್ತದೆ. ಗಾಮಾ ಇಳಿಯುವುದೂ ಅದೇ ದಿನಗಳಲ್ಲಿ. ಎರಡು ಬಸ್ಸು ಒಂದೇ ಹೊತ್ತಿಗೆ ಸ್ಟ್ಯಾಂಡಿಗೆ ಬಂದರೆ ಒಂದು ಇನ್ನೊಂದನ್ನು ಎಳೆದು ತಂದಂತಲ್ಲ. ಆದರೆ ಒಂದು ಕೂಸಿಗೆ ಹೀಗಾಯಿತೆಂದು ಎರಡನೆಯದಕ್ಕೆ ಲಸಿಕೆಯೇ ಹಾಕಿಸದ ಮನೆ ನೋಡಿದ್ದೇನೆ. ಆ ಎರಡನೇ ಕೂಸಿಗೆ ಥಲಸ್ಸೇಮಿಯಾ ಇರಲಿಲ್ಲ. ದಡಾರ ಬಂತು.

"ನಮ್ಮ ಮನಿತನದಾಗ ಯಾರಿಗೂ ಇಲ್ರಿ" ಎನ್ನುವುದಕ್ಕೆ ಉತ್ತರ ಸಣ್ಣದು. ನಮ್ಮ ದೇಶದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ಒಂದೇ ಕೆಟ್ಟ ಬೀಟಾ ಇಟ್ಟುಕೊಂಡು ಆರಾಮಾಗಿ ಓಡಾಡುತ್ತಿದ್ದಾರೆ. ಇನ್ನೊಂದು ಸರಿ ಇರುವುದರಿಂದ ನಡೆದುಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಹಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮದುವೆಯಲ್ಲಿ ಇಬ್ಬರೂ ಹಾಗಿರುವ ಸಾಧ್ಯತೆ ಜಾಸ್ತಿ. ಶಿರಹಟ್ಟಿಯ ಅಜ್ಜಿಯೂ ತನ್ನ ಮಗಳ ಮಗಳನ್ನೇ ಮಗನಿಗೆ ತಂದುಕೊಂಡಿದ್ದಳು. "ತೆಳು ಹಾಲಿನ" ಸೊಸೆ ಅವಳದೇ ಮೊಮ್ಮಗಳು.

ಅವತ್ತು ಪಂಪಿನ ಕಥೆ ಮುಗಿದ ಮೇಲೆ ಆ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಅಂದ್ರ ನನ್ನ ಹಾಲಿಂದ ಅಲ್ಲರಿ?"

"ಅಲ್ಲವ್ವಾ. ನಿನ್ನ ಹೊಟ್ಟಿಯೊಳಗಿದ್ದಾಗಿನ ಹಿಮೋಗ್ಲೋಬಿನ್ನೇ ಇನ್ನೂ ಅದನ್ನ ಹಿಡಕೊಂಡೈತಿ" ಅಂದೆ. ರಿಪೋರ್ಟಿನ ಗ್ರಾಫ್ ತೋರಿಸಿದೆ. ದೊಡ್ಡವರಲ್ಲಿ ಎತ್ತರಕ್ಕೆ ಏಳಬೇಕಾದ ಎ ಗೋಪುರ ಕಾಣಲೇ ಇಲ್ಲ. ಎಫ್ ಒಂದೇ ಒಂಟಿಯಾಗಿ ನಿಂತಿತ್ತು. (ಊರಿನ ಡಾಕ್ಟರುಗಳಿಗೆ ಒಂದು ವಿನಂತಿ: ಇಂಥ ಕೂಸಿಗೆ ರಕ್ತ ಏರಿಸುವ ಮೊದಲೇ ಈ ಟೆಸ್ಟಿಗೆ ರಕ್ತ ತೆಗೆದಿಡಿ. ಏರಿಸಿದ ಮೇಲೆ ತೆಗೆದರೆ ಗ್ರಾಫಿನಲ್ಲಿ ರಕ್ತ ಕೊಟ್ಟವರದ್ದೇ ಹಿಮೋಗ್ಲೋಬಿನ್ ಕಾಣುತ್ತದೆ.)

ಮುಂದಿನ ಬಸಿರಿನ ವಿಷಯವನ್ನೂ ಅವತ್ತೇ ಹೇಳಿದೆ. 11-12ನೇ ವಾರದ ಹೊತ್ತಿಗೆ ಕೂಸಿನ ಮಾಸಿನಿಂದ ಎಳೆಯಷ್ಟು ಚೂರು ತೆಗೆದು ಪರೀಕ್ಷೆ ಮಾಡಬಹುದು. ಸಣ್ಣ ಅಪಾಯವೂ ಇದೆ. ಪರೀಕ್ಷೆ ಬೇಕೋ ಬೇಡವೋ, ಫಲಿತಾಂಶ ಬಂದ ಮೇಲೆ ಮುಂದೇನು, ಅದು ಗಂಡ ಹೆಂಡತಿಯ ತೀರ್ಮಾನ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬಾರದು, ಕಾನೂನು ಇದೆ. ಅಜ್ಜಿ ಇದನ್ನೆಲ್ಲ ಕೇಳಿ ಹುಬ್ಬು ಗಂಟಿಕ್ಕಿದಳು. "ಮಾಸಿನ ಚೂರಿನಾಗ ರಕ್ತದ ರೋಗ ಹೆಂಗ ಕಾಣತೈತ್ರಿ? ಅದೇನು ರಕ್ತ ಮಾಡತೈತೇನು?"

"ಮಾಡಂಗಿಲ್ಲಜ್ಜಿ. ಆದ್ರ ಜೀನ್ ಅದರಾಗೂ ಇರತೈತಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಟನ್ ಒತ್ತಿಲ್ಲ ಅಷ್ಟ?"

"ಅಷ್ಟ."

ನಮ್ಮ ಕಡೆ ಒಂದು ಪದ್ಧತಿ. ಕುಬಸ (ಸೀಮಂತ) ಆಗುವ ತನಕ ಬಸಿರಿನ ಸುದ್ದಿ ಹೊರಗೆ ಬಿಡುವುದಿಲ್ಲ. ಡಾಕ್ಟರ್ ಹತ್ತಿರ ಬರುವಷ್ಟರಲ್ಲಿ ಐದೋ ಏಳೋ ತಿಂಗಳಾಗಿ, ಆ ಪರೀಕ್ಷೆಯ ದಿನ ದಾಟಿರುತ್ತದೆ. ಎಷ್ಟು ಸಲ ಹೇಳಿದರೂ ಹೀಗೇ. ಶಿರಹಟ್ಟಿಯವರಿಗೂ ಹೇಳಿ ಕಳಿಸಿದ್ದೆ, ನಂಬಿಕೆ ಇರಲಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ ಬೆಳಗ್ಗೆ ಏಳಕ್ಕೆ ಫೋನು ಬಂತು. ಅಜ್ಜಿ. ಹಿಂದೆ ಕೋಳಿ ಕೂಗುತ್ತಿತ್ತು. "ಡಾಕ್ಟ್ರ, ಒಂದೂವರಿ ತಿಂಗಳಾತ್ರಿ. ಅಕಿ ಅವ್ವಗೂ ಇನ್ನ ಹೇಳಿಲ್ಲ. ನಿಮಗ ಮೊದಲ ಹೇಳಾಕತ್ತೀನಿ. ಯಾವತ್ತ ಬರೂಣು?"