ಸಿಡಿದು ಎಣ್ಣೆಯಾಗುವ ಕೋಶಗಳು

ಮುಖದ ಮೇಲೆ ಹೊಳೆಯುವ ಜಿಡ್ಡು ಕೊಳೆ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಮೇ ತಿಂಗಳ ಸೆಕೆಯಲ್ಲಿ ಹೈಸ್ಕೂಲು ಮಕ್ಕಳು ಮತ್ತೆ ಮತ್ತೆ ಸೋಪು ಹಚ್ಚಿ ಮುಖ ಉಜ್ಜುತ್ತಾರೆ. ಮೇಲಿಂದ ಲಿಂಬೆರಸ ಬೇರೆ. ಮೊಡವೆ ಎದ್ದರೆ ಮನೆಯವರು "ಮೈ ಉಷ್ಣ ಆಗಿದೆ" ಅನ್ನುತ್ತಾರೆ. ಉಳಿದವರು "ಸರಿಯಾಗಿ ಮುಖ ತೊಳೆಯೋದಿಲ್ಲ" ಅನ್ನುತ್ತಾರೆ. ಪಾಪ, ಮಕ್ಕಳದ್ದೇನೂ ತಪ್ಪಿಲ್ಲ.

ಬೆವರು ಬೇರೆ, ಈ ಎಣ್ಣೆ ಬೇರೆ. ಎಣ್ಣೆ ಬರುವುದು ಕೂದಲಿನ ಬುಡಕ್ಕೆ ಅಂಟಿಕೊಂಡ ಪುಟ್ಟ ಗ್ರಂಥಿಗಳಿಂದ. ಮುಖ ಮತ್ತು ನೆತ್ತಿಯಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 400ರಿಂದ 900ರವರೆಗೆ ಇರುತ್ತವೆ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ.

ಈ ಗ್ರಂಥಿ ಕೆಲಸ ಮಾಡುವ ರೀತಿಯೇ ಬೇರೆ. ಜೊಲ್ಲಿನ ಗ್ರಂಥಿಯ ಕೋಶ ಜೊಲ್ಲು ತಯಾರಿಸಿ ಹೊರಗೆ ಬಿಡುತ್ತದೆ, ತಾನು ಉಳಿಯುತ್ತದೆ. ಎಣ್ಣೆಗ್ರಂಥಿಯ ಕೋಶ ಉಳಿಯುವುದಿಲ್ಲ. ಅದು ಗ್ರಂಥಿಯ ಅಂಚಿನಲ್ಲಿ ಹುಟ್ಟುತ್ತದೆ. ಹಿಂದೆ ಹೊಸ ಕೋಶಗಳು ಹುಟ್ಟಿದ ಹಾಗೆ ನಡುವಿಗೆ ಸರಿಯುತ್ತದೆ. ಸರಿಯುತ್ತಾ ಸರಿಯುತ್ತಾ ಕೊಬ್ಬಿನ ಹನಿಗಳನ್ನು ತುಂಬಿಕೊಂಡು ಊದುತ್ತದೆ. ತನ್ನ ಡಿಎನ್‌ಎಯನ್ನೂ ತಾನೇ ಕರಗಿಸಿಕೊಳ್ಳುತ್ತದೆ. ಆಮೇಲೆ ಸಿಡಿಯುತ್ತದೆ. ಗಾಣಕ್ಕೆ ಕೊಬ್ಬರಿ ಹಾಕಿದರೆ ಎಣ್ಣೆ ಬಂದ ಮೇಲೆ ಹಿಂಡಿ ಉಳಿಯುತ್ತದಲ್ವಾ? ಇಲ್ಲಿ ಹಿಂಡಿಯೂ ಉಳಿಯುವುದಿಲ್ಲ. ಇಡೀ ಕೋಶವೇ ಎಣ್ಣೆ. ಹುಟ್ಟಿನಿಂದ ಸಿಡಿಯುವ ತನಕ ಹೆಚ್ಚುಕಡಿಮೆ ಎರಡು ಮೂರು ವಾರ. ಇಂದು ಹಣೆಯಲ್ಲಿ ಕಾಣುವ ಎಣ್ಣೆಯ ತಯಾರಿ ಕಳೆದ ತಿಂಗಳಲ್ಲೇ ಶುರುವಾಗಿರಬಹುದು.

ಆ ಎಣ್ಣೆಯಲ್ಲಿ ಸ್ಕ್ವಾಲೀನ್ ಎಂಬ ವಸ್ತು ಇದೆ. ಜಪಾನಿನ ರಸಾಯನಶಾಸ್ತ್ರಜ್ಞ ಮಿತ್ಸುಮಾರು ತ್ಸುಜಿಮೊಟೊ 1906ರಲ್ಲಿ ಇದನ್ನು ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಕಂಡುಹಿಡಿದರು. ಆಳಸಮುದ್ರದ ಶಾರ್ಕಿಗೆ ಮುಳುಗದೆ ತೇಲಲು ನೆರವಾಗುವ ವಸ್ತುವೇ ನಮ್ಮ ಮೂಗಿನ ಮೇಲೂ ಹೊಳೆಯುತ್ತಿದೆ! ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಇನ್ನೊಂದು ಉದಾಹರಣೆ ಸಿಗುತ್ತದೆ. ಮಳೆಗಾಲದಲ್ಲಿ ಗದ್ದೆ ಕೆಲಸಕ್ಕೆ ಹೊದೆಯುವ ಕಂಬಳಿಕೊಪ್ಪೆಯಿಂದ ನೀರು ಜಾರುವುದಕ್ಕೆ ಒಂದು ಕಾರಣ ಉಣ್ಣೆಯಲ್ಲಿ ಉಳಿದ ಜಿಡ್ಡು. ಅದು ಕುರಿಯ ಎಣ್ಣೆಗ್ರಂಥಿಗಳದ್ದು. 1882ರಲ್ಲಿ ಜರ್ಮನಿಯಲ್ಲಿ ಅದನ್ನೇ ಶುದ್ಧಮಾಡಿ ಲ್ಯಾನೊಲಿನ್ ಎಂದು ಪೇಟೆಂಟ್ ಮಾಡಿದರು. ಒಡೆದ ತುಟಿಗೆ ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಇವತ್ತಿಗೂ ಅದಿದೆ.

ಕುರಿಗೆ ಸರಿ, ಮೈತುಂಬ ಉಣ್ಣೆ ಇಲ್ಲದ ಮನುಷ್ಯನಿಗೆ ಇದು ಯಾಕೆ? ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ 1963ರಲ್ಲಿ ಈ ಪ್ರಶ್ನೆ ಎತ್ತಿ, ಇದರಿಂದ ನಮಗೆ ಉಪಯೋಗವೇ ಇಲ್ಲ ಎಂದು ವಾದಿಸಿದರು. ಉತ್ತರ ಕೊಟ್ಟದ್ದು ಇಲಿ. 1965ರಲ್ಲಿ ಹುಟ್ಟಿನಿಂದಲೇ ಎಣ್ಣೆಗ್ರಂಥಿ ಇಲ್ಲದ ಒಂದು ಇಲಿ ತಳಿಯ ವಿವರ ಪ್ರಕಟವಾಯಿತು. ಆ ಇಲಿಗಳ ಕೂದಲು ಉದುರುತ್ತಿತ್ತು. ಕಾರಣ ಮುಂದೆ ತಿಳಿಯಿತು. ಕೂದಲು ಬೆಳೆಯುವಾಗ ಅದರ ಸುತ್ತ ಒಂದು ಒಳಪೊರೆ ಇರುತ್ತದೆ. ಎಣ್ಣೆಗ್ರಂಥಿಯ ಬಾಯಿ ಇರುವ ಮಟ್ಟಕ್ಕೆ ಬಂದಾಗ ಆ ಪೊರೆ ಕಳಚಬೇಕು, ಕೂದಲು ಒಂಟಿಯಾಗಿ ಮೇಲೆ ಬರಬೇಕು. ಗ್ರಂಥಿ ಇಲ್ಲದ ಇಲಿಯಲ್ಲಿ ಪೊರೆ ಕಳಚುವುದೇ ಇಲ್ಲ. ಕೂದಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬುಡದಲ್ಲಿ ಬೆಳವಣಿಗೆ ಮಾತ್ರ ನಿಲ್ಲುವುದಿಲ್ಲ. ಮೇಲೆ ದಾರಿ ಇಲ್ಲದೆ ಕೂದಲು ಕೆಳಗೆ ನುಗ್ಗಿ, ತನ್ನ ಬೇರನ್ನೇ ತೂತುಮಾಡಿ ಚರ್ಮದೊಳಗೆ ಇಳಿಯುತ್ತದೆ. ಉರಿಯೂತ ಎದ್ದು ಕೂದಲಿನ ಬೇರು ನಾಶವಾಗುತ್ತದೆ. ಮನುಷ್ಯರಲ್ಲೂ ಕಲೆ ಉಳಿಸಿ ಕೂದಲು ಕಳೆಯುವ ಕೆಲವು ರೋಗಗಳಲ್ಲಿ ಶುರುವಿಗೇ ಎಣ್ಣೆಗ್ರಂಥಿಗಳು ಕುಗ್ಗಿಹೋಗುತ್ತವೆ.

ಮೇಲಿಂದ ತೆಂಗಿನೆಣ್ಣೆ ಹಚ್ಚಿದರೆ ಈ ಕೆಲಸ ಆಗುವುದಿಲ್ಲ. ತೆಂಗಿನೆಣ್ಣೆ ಒಳ್ಳೆಯದೇ. ಎಳೆಯೊಳಗೆ ಸ್ವಲ್ಪ ಇಳಿದು, ತೊಳೆಯುವಾಗ ಕೂದಲು ಸವೆಯುವುದನ್ನು ಕಡಿಮೆ ಮಾಡುತ್ತದೆ. ಆದರೆ ಅದು ಹೊರಗೆ ಬಂದ ಕೂದಲಿನ ಆರೈಕೆ. ಬುಡದಲ್ಲಿ ಹೊಸ ಕೂದಲು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಮೊಡವೆಯ ಮಾತಿಗೆ ಬರೋಣ. ಚರ್ಮದ ಮೇಲೆ ಎಣ್ಣೆ ಎಷ್ಟಿದೆ ಎಂದು ಗ್ರಂಥಿಗೆ ತಿಳಿಯುವುದಿಲ್ಲ. ಹಾಗಾಗಿ ಜಾಸ್ತಿ ತೊಳೆದರೆ ಎಣ್ಣೆ ಜಾಸ್ತಿ ಬರುತ್ತದೆ ಎನ್ನುವುದೂ ತಪ್ಪು. ಗ್ರಂಥಿಯನ್ನು ಮುಖ್ಯವಾಗಿ ನಡೆಸುವುದು ಆಂಡ್ರೊಜೆನ್ ಹಾರ್ಮೋನುಗಳು. ಹುಡುಗ, ಹುಡುಗಿ ಇಬ್ಬರಲ್ಲೂ ಹರೆಯದಲ್ಲಿ ಅವು ಏರುತ್ತವೆ. ಎಣ್ಣೆ ಹೆಚ್ಚಾಗುತ್ತದೆ, ಸತ್ತ ಚರ್ಮದ ಕೋಶಗಳು ಅದರಲ್ಲಿ ಅಂಟಿ ನಾಳದ ಬಾಯಿ ಕಟ್ಟುತ್ತದೆ. ಕಪ್ಪು ಚುಕ್ಕೆಗಳ ಕಪ್ಪು ಕೂಡ ಧೂಳಲ್ಲ. ಅದಕ್ಕೆ ಮುಖ್ಯ ಕಾರಣ ಚರ್ಮಕ್ಕೆ ಬಣ್ಣ ಕೊಡುವ ನಮ್ಮದೇ ಮೆಲನಿನ್. ಕಟ್ಟಿಕೊಂಡದ್ದು ಒಳಗೆ, ಉಜ್ಜುವುದು ಹೊರಗೆ. ದಿನಕ್ಕೆರಡು ಸಲ ಮೆದುವಾದ ಸೋಪಿನಿಂದ ತೊಳೆದರೆ ಸಾಕು. ಲಿಂಬೆರಸವಂತೂ ಬೇಡವೇ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು. ಗಂಟು ಗಂಟಾಗಿ ನೋಯುವ ಮೊಡವೆಯಾದರೆ ಕಲೆ ಬೀಳುವ ಮೊದಲೇ ಚರ್ಮದ ಡಾಕ್ಟರಿಗೆ ತೋರಿಸಿ.

ಇದೇ ಗ್ರಂಥಿಗಳು ಹೊಟ್ಟೆಯೊಳಗಿನ ಮಗುವಿನಲ್ಲೂ ಕೆಲಸ ಮಾಡುತ್ತವೆ. ಹುಟ್ಟಿದ ಮಗುವಿನ ಮೈಮೇಲಿನ ಬಿಳಿ ಲೇಪದಲ್ಲಿ ಅವುಗಳ ಎಣ್ಣೆಯೂ ಇದೆ. ಅದು ಚರ್ಮ ಒಣಗದಂತೆ ಕಾಯುತ್ತದೆ, ಸೋಂಕು ತಡೆಯುವ ವಸ್ತುಗಳೂ ಅದರಲ್ಲಿವೆ. ಕಡಲೆಹಿಟ್ಟು ಹಾಕಿ ತಿಕ್ಕಿ ತೆಗೆಯಲು ಅಜ್ಜಿಯರು ಅವಸರ ಮಾಡುತ್ತಾರೆ. ಅದು ಬೇಡ. ಹುಟ್ಟಿದ ಮಗುವಿಗೆ ಕನಿಷ್ಠ 24 ಗಂಟೆ ಸ್ನಾನ ಮಾಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೇಪ ಒಂದೆರಡು ದಿನದಲ್ಲಿ ತಾನಾಗಿಯೇ ಹೋಗುತ್ತದೆ.