ಚಿತ್ರನಕ್ಷೆ ಕಲಿಸುವುದು ಹೇಗೆ: ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ

ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಓದುತ್ತಾ ಬೋಧನಾಭ್ಯಾಸಕ್ಕೆ ಬೆಂಗಳೂರಿನ ಶಾಲೆಗಳಿಗೆ ಹೋಗುವ ಗೆಳೆಯರಿಗೆ ಈ ಟಿಪ್ಪಣಿ. ಚಿತ್ರನಕ್ಷೆ ಎಂದರೆ ಯಾವುದು ಎಷ್ಟಿದೆ ಎಂಬುದನ್ನು ಚಿತ್ರಗಳ ಸಾಲುಗಳಲ್ಲಿ ತೋರಿಸುವ ನಕ್ಷೆ (ಪಿಕ್ಟೋಗ್ರಾಫ್).

ಪುಸ್ತಕದಲ್ಲಿ ಅಚ್ಚಾದ ನಕ್ಷೆ ತೋರಿಸಿ "ಮಾವಿನಹಣ್ಣು ಎಷ್ಟಿವೆ?" ಎಂದು ಕೇಳಿದರೆ ಮಗು ಎಣಿಸಿ ಹೇಳಿಬಿಡುತ್ತದೆ. ಅಲ್ಲಿ ನಡೆದದ್ದು ಬರೀ ಎಣಿಕೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಎಣಿಸದೆ ಕಣ್ಣಳತೆಯಲ್ಲೇ ಹೇಳಿದಾಗ ನಕ್ಷೆ ಓದಿದಂತೆ. ಆ ಕಣ್ಣಳತೆಯನ್ನು ನಂಬಬೇಕಾದರೆ ಎಲ್ಲ ಸಾಲುಗಳೂ ಒಂದೇ ಗೆರೆಯಿಂದ ಶುರುವಾಗಬೇಕು, ಚಿತ್ರಗಳ ಗಾತ್ರ ಒಂದೇ ಇರಬೇಕು, ನಡುವಿನ ಜಾಗವೂ ಒಂದೇ ಇರಬೇಕು. ಈ ಮೂರು ಮಾತು ಮಗುವಿಗೆ ತಾನಾಗಿ ಹೊಳೆಯುವಂತೆ ಮಾಡುವುದೇ ನಮ್ಮ ಕೆಲಸ ಎಂದು ನಾನು ನಂಬಿದ್ದೇನೆ.

ಮೊದಲು ಪ್ರಶ್ನೆ ಬೇಕು, ಅದೂ ಮಕ್ಕಳಿಗೆ ಉತ್ತರ ತಿಳಿಯುವ ಆಸೆ ಇರುವ ಪ್ರಶ್ನೆ. "ಇವತ್ತು ಶಾಲೆಗೆ ಹೇಗೆ ಬಂದಿರಿ?" ಎಂಬುದು ನಮ್ಮ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ "ನಿಮ್ಮ ಮನೆಯಲ್ಲಿ ಯಾವ ಗಾಡಿ ಇದೆ?" ಎಂದು ದಯವಿಟ್ಟು ಕೇಳಬೇಡಿ. ಗಾಡಿಯೇ ಇಲ್ಲದ ಮನೆಯ ಮಗು ಇಡೀ ತರಗತಿಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಲ್ಲಬೇಕಾಗುತ್ತದೆ. ಗಣಿತದ ಪಾಠಕ್ಕೆ ಅಂಥ ಬೆಲೆ ತೆರಬೇಕಿಲ್ಲ.

24 ಮಕ್ಕಳ ತರಗತಿ ಎಂದುಕೊಳ್ಳಿ. ನಡೆದು ಬಂದವರು 9, ಆಟೋದಲ್ಲಿ 6, ಬಿಎಂಟಿಸಿ ಬಸ್ಸಿನಲ್ಲಿ 5, ಸ್ಕೂಟರಿನಲ್ಲಿ 4, ಮೆಟ್ರೋದಲ್ಲಿ ಯಾರೂ ಇಲ್ಲ. ಮೊದಲ ದಿನ ಕಾಗದ, ಪೆನ್ಸಿಲ್ ಎರಡೂ ಬೇಡ. ಮಕ್ಕಳೇ ಸಾಲಾಗಿ ನಿಲ್ಲಲಿ. ಬಸ್ಸಿನ 5 ಜನ ಕೈಚಾಚಿ ದೂರದೂರ ನಿಂತು, ಆಟೋದ 6 ಜನ ಒತ್ತೊತ್ತಾಗಿ ನಿಂತರೆ ಬಸ್ಸಿನ ಸಾಲೇ ಉದ್ದ ಕಾಣುತ್ತದೆ. ಸಾಲು ಉದ್ದವಾದರೆ ಸಂಖ್ಯೆಯೂ ಹೆಚ್ಚು ಎಂದು ಚಿಕ್ಕ ಮಕ್ಕಳು ತಿಳಿಯುವುದನ್ನು ಪಿಯಾಜೆ ತೋರಿಸಿಕೊಟ್ಟಿದ್ದನ್ನು ನಾವು ಮನೋವಿಜ್ಞಾನದಲ್ಲಿ ಓದಿದ್ದೇವೆ. ಇಲ್ಲಿ ಅದು ಕಣ್ಣೆದುರೇ ನಡೆಯುತ್ತದೆ. ತಕ್ಷಣ ತಿದ್ದಬೇಡಿ. "ಯಾವ ಸಾಲಿನಲ್ಲಿ ಹೆಚ್ಚು ಜನ?" ಎಂದು ಕೇಳಿ, ವಾದ ಮಾಡಲು ಬಿಡಿ. ಆಮೇಲೆ ನೆಲದ ಟೈಲ್ಸ್ ತೋರಿಸಿ, ಒಂದು ಟೈಲಿಗೆ ಒಬ್ಬರಂತೆ ನಿಲ್ಲಿಸಿ. ಟೈಲ್ಸ್ ಇಲ್ಲದ ಕಡೆ ಸೀಮೆಸುಣ್ಣದಿಂದ ಮನೆ ಎಳೆದರಾಯಿತು. ಒಂದೊಂದು ಮನೆಗೆ ಒಬ್ಬೊಬ್ಬರು ಎಂಬ ನಿಯಮ ಯಾಕೆ ಬೇಕು ಎಂಬುದು ಆಗ ಮಕ್ಕಳ ಬಾಯಿಂದಲೇ ಬರುತ್ತದೆ. ಮೆಟ್ರೋಗೂ ಒಂದು ಸಾಲು ಬಿಡುವುದನ್ನು ಮರೆಯಬೇಡಿ. ಕೇಳಿದೆವು, ಯಾರೂ ಬಂದಿರಲಿಲ್ಲ ಎಂಬ ಸುದ್ದಿಯನ್ನು ಆ ಖಾಲಿ ಸಾಲು ಹೇಳುತ್ತದೆ. ಸೊನ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮಾರನೆಯ ದಿನಕ್ಕೆ ಖಾಲಿ ಬೆಂಕಿಪೊಟ್ಟಣಗಳು, ಎಲ್ಲವೂ ಒಂದೇ ಅಳತೆಯವು. ಮಗು ತನ್ನ ಮುಖ ಬಿಡಿಸಿದ ಚೀಟಿಯನ್ನು ಪೊಟ್ಟಣಕ್ಕೆ ಅಂಟಿಸಿ, ತಾನು ಬಂದ ಬಗೆಯ ಸಾಲಿನಲ್ಲಿ ಇಡಬೇಕು. ತಾನೇ ನಿಂತಿದ್ದ ಜಾಗದಲ್ಲಿ ಈಗ ತನ್ನ ಪೊಟ್ಟಣ ಕೂತಿದೆ. ಚಿತ್ರವೊಂದು ಮನುಷ್ಯನ ಪರವಾಗಿ ನಿಲ್ಲುತ್ತದೆ ಎಂಬುದು ದೊಡ್ಡವರಿಗೆ ಸಹಜ, ಆರು ವರ್ಷದವರಿಗೆ ದೊಡ್ಡ ಜಿಗಿತ. ಇಲ್ಲಿ ಆತುರ ಬೇಡ. ಅದೇ ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿದರೆ ಮುಂದೆ ಬರುವ ಸ್ತಂಭನಕ್ಷೆಯೂ (ಬಾರ್ ಗ್ರಾಫ್) ಸಿದ್ಧ. ಚೌಕುಳಿ ಹಾಳೆಯಲ್ಲಿ ಬಿಡಿಸುವುದು ಮೂರನೆಯ ದಿನಕ್ಕಿರಲಿ.

ಬಿಡಿಸುವಾಗ ಬಸ್ಸು ದೊಡ್ಡದು, ಸ್ಕೂಟರ್ ಚಿಕ್ಕದು ಎಂದು ಮಕ್ಕಳು ಹಾಗೆಯೇ ಬಿಡಿಸುತ್ತಾರೆ. ನಿಜ ಜಗತ್ತಿನಲ್ಲಿ ಅದು ಸರಿ, ನಕ್ಷೆಯಲ್ಲಿ ಮೋಸವಾಗುತ್ತದೆ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಜನಸಾಮಾನ್ಯರಿಗೆ ಅಂಕಿಅಂಶ ಅರ್ಥವಾಗಲೆಂದು ಚಿತ್ರನಕ್ಷೆ ರೂಪಿಸಿದ ಒಟ್ಟೊ ನ್ಯೂರಾತ್ ಅವರ ಮುಖ್ಯ ನಿಯಮವೂ ಇದೇ: ಸಂಖ್ಯೆ ಹೆಚ್ಚಾದರೆ ಚಿತ್ರಗಳು ಹೆಚ್ಚಬೇಕು, ಚಿತ್ರ ದೊಡ್ಡದಾಗಬಾರದು. ಚಿತ್ರದ ಎತ್ತರ, ಅಗಲ ಎರಡನ್ನೂ ಇಮ್ಮಡಿ ಮಾಡಿದರೆ ಅದು ತುಂಬುವ ಜಾಗ ನಾಲ್ಕು ಪಟ್ಟಾಗಿ ಕಣ್ಣು ದಾರಿ ತಪ್ಪುತ್ತದೆ. ಪ್ರತಿ ಚೌಕದಲ್ಲೂ ಒಂದೇ ಅಳತೆಯ ನಗುಮುಖ ಸಾಕು, ವಾಹನದ ಚಿತ್ರ ಸಾಲಿನ ತಲೆಯಲ್ಲಿರಲಿ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದಲು ಇನ್ನೂ ತಡವರಿಸುವಾಗಲೂ ಈ ನಕ್ಷೆಯನ್ನು ಎಲ್ಲರ ಜೊತೆ ಓದಬಲ್ಲರು. ನಮ್ಮ ಊರಿನ ತರಗತಿಗಳಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಪ್ರಶ್ನೆಗಳ ವಿಷಯ. ಗಣಿತ ಶಿಕ್ಷಣದ ಸಂಶೋಧಕಿ ಫ್ರಾನ್ಸಿಸ್ ಕರ್ಸಿಯೋ ನಕ್ಷೆ ಓದುವುದನ್ನು ಮೂರು ಹಂತ ಮಾಡಿದ್ದಾರೆ. ಇರುವುದನ್ನು ಓದುವುದು (ಆಟೋದಲ್ಲಿ ಬಂದವರೆಷ್ಟು?), ಇರುವುದನ್ನು ಹೋಲಿಸುವುದು (ಆಟೋದವರಿಗಿಂತ ನಡೆದವರು ಎಷ್ಟು ಹೆಚ್ಚು?), ಆಚೆಗೆ ಯೋಚಿಸುವುದು (ನಾಳೆ ಬೆಳಗ್ಗೆ ಜೋರು ಮಳೆ ಬಂದರೆ ಯಾವ ಸಾಲು ಗಿಡ್ಡವಾದೀತು?). ಮೂರನೆಯದು ಕಷ್ಟ ಎಂದು ನಾವು ಬಿಟ್ಟುಬಿಡುತ್ತೇವೆ, ಮಕ್ಕಳು ಮಾತ್ರ ಅದಕ್ಕೇ ಮುಗಿಬಿದ್ದು ಉತ್ತರ ಕೊಡುತ್ತಾರೆ. ನಿಜವಾಗಿ ಎಡವುವುದು ಎರಡನೆಯದರಲ್ಲಿ. "ಎಷ್ಟು ಹೆಚ್ಚು?" ಎಂದರೆ "ಒಂಬತ್ತು" ಎನ್ನುತ್ತಾರೆ. ಆಗ ಕಳೆಯುವ ಲೆಕ್ಕಕ್ಕೆ ಹಾರಬೇಡಿ. ಟಾಮ್ ಹಡ್ಸನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?" ಎಂದಾಗ ತಪ್ಪಿದ ಮಕ್ಕಳೇ "ಎಷ್ಟು ಹಕ್ಕಿಗೆ ಹುಳು ಸಿಗುವುದಿಲ್ಲ?" ಎಂದಾಗ ಸರಿಯಾಗಿ ಹೇಳಿದರು. ನಾವೂ ಹಾಗೆಯೇ ಕೇಳೋಣ. ಆಟೋದ ಒಬ್ಬರು, ನಡೆದ ಒಬ್ಬರು ಕೈ ಹಿಡಿಯಲಿ. ಜೋಡಿ ಸಿಗದೆ ಉಳಿದವರು ಎಷ್ಟು? ಮೂರು. ಆ ಮೂವರನ್ನೇ ತೋರಿಸಿ "ಇಷ್ಟು ಹೆಚ್ಚು" ಎಂದರೆ ಸಾಕು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ವಾರ ಮೂರನೇ ತರಗತಿಗೆ ಕಡಲೆಕಾಯಿ ಸುಲಿಸಿ, ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು ಎಂದು ಸಿಪ್ಪೆಗಳನ್ನು ಚೌಕದಲ್ಲಿ ಜೋಡಿಸಬಹುದು. ಕಡಲೆಕಾಯಿ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮೊದಲೇ ವಿಚಾರಿಸಿ. ಒಂದನೇ ತರಗತಿಗೆ ಇದು ಬೇಡ. ಸಾಲಿನ ಹೆಸರೂ ಸಂಖ್ಯೆ, ಸಾಲಿನಲ್ಲಿರುವುದೂ ಸಂಖ್ಯೆ ಆದಾಗ ಎಳೆಯರು ಗೊಂದಲಕ್ಕೆ ಬೀಳುತ್ತಾರೆ.

ಒಂದು ಚಿತ್ರ ಅಂದರೆ 5 ಮಕ್ಕಳು ಎಂಬ ಅಳತೆಯ ನಕ್ಷೆ, ಇಡೀ ಶಾಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಪೊಟ್ಟಣಗಳಿಗೆ ನೆಲದಲ್ಲಿ ಜಾಗ ಸಾಲದಾದಾಗ ಬರಲಿ. ಆಗ 10, 15, 20ರಂಥ ಸಂಖ್ಯೆಗಳನ್ನೇ ಮೊದಲು ಆರಿಸಿ, ಅಳತೆಯನ್ನು ನಕ್ಷೆಯ ಕೆಳಗೆ ಮಕ್ಕಳಿಂದಲೇ ಬರೆಸಿ. ಅರ್ಧ ಚಿತ್ರದ ಲೆಕ್ಕ ನಾಲ್ಕನೇ ತರಗತಿಯವರೆಗೆ ಕಾಯಬಹುದು.