ಹೆಗಲ ಮೇಲಿನ ಲೆನ್ಸು, ಹೆಜ್ಜೆಗಳ ಲೆಕ್ಕ

ಭಾರದ ಲೆನ್ಸು ಜೋಡಿಸಿದ ಕ್ಯಾಮೆರಾ ಹೆಗಲಿನಿಂದ ಕಳಚಿ ನೆಲಕ್ಕೆ ಬಿದ್ದಾಗ ಕೇಳಿಬರುವ ಮೊದಲ ಮಾತು, ಸ್ಟ್ರಾಪ್ ಇದ್ದಕ್ಕಿದ್ದಂತೆ ಹರಿಯಿತು ಎಂಬುದು. ಎರಡನೆಯ ಮಾತು ಗ್ರಹಚಾರದ್ದು, ಇಲ್ಲವೇ ಯಾರದೋ ಕಣ್ಣು ತಗುಲಿದ್ದರದ್ದು. ಹಲವು ಲಕ್ಷ ರೂಪಾಯಿ ಬೆಲೆಯ ಉಪಕರಣವನ್ನು ಕಳೆದುಕೊಂಡವರ ಸಂಕಟ ದೊಡ್ಡದು. ಆದರೆ ಈ ಎರಡು ವಿವರಣೆಗಳೂ ತಪ್ಪು. ಅವುಗಳನ್ನು ನಂಬಿದವರು ಮುಂದಿನ ಸಲವೂ ಪರೀಕ್ಷಿಸಬೇಕಾದ ಜಾಗವನ್ನು ಪರೀಕ್ಷಿಸದೆ ಹೊರಡುತ್ತಾರೆ ಎಂಬುದೇ ನನ್ನ ಆತಂಕ. ಸ್ಟ್ರಾಪ್ ಕೈಕೊಡುವ ಕ್ರಿಯೆ ತಿಂಗಳುಗಟ್ಟಲೆ ನಡೆದಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಅದರ ಕೊನೆಯ ಕ್ಷಣ ಮಾತ್ರ.

ಒಂದು ನಿರ್ದಿಷ್ಟ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಕಾಡುಪ್ರಾಣಿ ಮತ್ತು ಪಕ್ಷಿಗಳ ಛಾಯಾಗ್ರಾಹಕರು ಬಳಸುವ ನಿಕಾನ್ ಕಂಪನಿಯ 600 ಎಂಎಂ ಎಫ್/4 ಲೆನ್ಸಿನ 2015ರ ಮಾದರಿ 3.81 ಕಿಲೋ ತೂಗುತ್ತದೆ. ಅದಕ್ಕೆ ಡಿ5 ಕ್ಯಾಮೆರಾ ಸೇರಿಸಿದರೆ ಒಟ್ಟು ಭಾರ ಸುಮಾರು 5.2 ಕಿಲೋ. ಪರ್ವತಾರೋಹಿಗಳು ಬಳಸುವ ಒಂದು ಅಂಗುಲ ಅಗಲದ ನೈಲಾನ್ ಪಟ್ಟಿಯನ್ನು ಹರಿಯಲು 1,500 ಕಿಲೋಗೂ ಮೀರಿದ ಎಳೆತ ಬೇಕು. ಕ್ಯಾಮೆರಾ ಸ್ಟ್ರಾಪಿನ ಅಗಲವಾದ ಭಾಗ ಅಷ್ಟು ಗಟ್ಟಿಯಾಗಿರಬೇಕಿಲ್ಲ. ಅದರ ಹತ್ತನೆಯ ಒಂದು ಪಾಲು ಬಲವಿದ್ದರೂ 5.2 ಕಿಲೋ ಅದಕ್ಕೊಂದು ಲೆಕ್ಕವೇ ಅಲ್ಲ. ಹೀಗಿರುವಾಗ ಅಂಗಡಿಯಲ್ಲಿ ಸ್ಟ್ರಾಪಿನ ಅಗಲವನ್ನೂ ಮೆತ್ತೆಯ ದಪ್ಪವನ್ನೂ ಮುಟ್ಟಿ ನೋಡಿ ಗಟ್ಟಿತನ ನಿರ್ಧರಿಸುವುದರಲ್ಲಿ ಅರ್ಥವಿಲ್ಲ. ಅಗಲವಾದ ಮೆತ್ತೆ ಇರುವುದು ಹೆಗಲಿನ ನೆಮ್ಮದಿಗಾಗಿ. ಸೋಲುವುದು ಎರಡು ತುದಿಗಳಲ್ಲಿರುವ ಸಣ್ಣ ಸಾಮಾನುಗಳು: ತುದಿಯ ಸಪೂರ ಪಟ್ಟಿ, ಅದನ್ನು ಹಿಡಿದಿರುವ ಬಕಲ್, ಹೊಲಿಗೆ, ಬೀಗದ ಕೈ ಗೊಂಚಲಿನಲ್ಲಿರುವಂಥ ಸುರುಳಿ ರಿಂಗ್, ಕ್ಯಾಮೆರಾದ ಬದಿಯಲ್ಲಿರುವ ಪುಟ್ಟ ಲೋಹದ ಕೊಂಡಿ, ಅಥವಾ ಅಡಿಭಾಗದ ಸ್ಕ್ರೂ.

ಈ ಸಣ್ಣ ಸಾಮಾನುಗಳನ್ನು ಸೋಲಿಸುವುದು ಭಾರಕ್ಕಿಂತ ಹೆಚ್ಚಾಗಿ ಭಾರದ ಏರಿಳಿತ. ಇದನ್ನು ಮನುಷ್ಯರು ಕಲಿತದ್ದು ಬಹಳ ದೊಡ್ಡ ಬೆಲೆ ತೆತ್ತು. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲೊಂದರ ಮುಂದಿನ ಎಂಜಿನ್ನಿನ ಚಕ್ರದ ಅಚ್ಚು ಮುರಿದು, ಹಿಂದಿನ ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹೊತ್ತಿಕೊಂಡಿತು. ಬೋಗಿಗಳ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದಪ್ಪನೆಯ ಅಚ್ಚು, ತಾನು ದಿನವೂ ಹೊರುತ್ತಿದ್ದ ಭಾರಕ್ಕೇ ಮುರಿದದ್ದು ಹೇಗೆ ಎಂಬ ಪ್ರಶ್ನೆಗೆ, ಕುಲುಕಾಟದಿಂದಾಗಿ ಲೋಹದ ಒಳಗಿನ ಗುಣವೇ ಬದಲಾಗಿ ಅದು ಹರಳಿನಂತೆ ಬಿರುಸಾಗುತ್ತದೆ ಎಂಬ ಉತ್ತರ ಆಗ ಪ್ರಚಾರದಲ್ಲಿತ್ತು. ಸ್ಕಾಟ್‌ಲೆಂಡಿನ ಯುವ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ 1843ರಲ್ಲಿ ಅದನ್ನು ಒಪ್ಪದೆ, ಅಚ್ಚಿನ ದಪ್ಪ ಥಟ್ಟನೆ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ, ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬೆಳೆಯುತ್ತದೆ ಎಂದು ತೋರಿಸಿದರು. ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ಲಕ್ಷಾಂತರ ಬಾರಿ ತಿರುಗಿಸಿ ಪರೀಕ್ಷಿಸಿ, ಲೋಹದ ಆಯುಷ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಗರಿಷ್ಠ ಮತ್ತು ಕನಿಷ್ಠ ಒತ್ತಡಗಳ ನಡುವಿನ ಅಂತರ ಎಂಬುದನ್ನು ಕಂಡುಕೊಂಡರು. ಉಕ್ಕಿಗೆ ಒಂದು ಮಿತಿಯಿದೆ. ಏರಿಳಿತ ಅದರೊಳಗಿದ್ದರೆ ಅದು ಎಷ್ಟು ಕಾಲವಾದರೂ ಬಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ತುಕ್ಕು ಹಿಡಿದ ಉಕ್ಕೂ ಆ ಮಿತಿಯನ್ನು ಕಳೆದುಕೊಳ್ಳುತ್ತದೆ. ಏರಿಳಿತಕ್ಕೆ ಸಿಕ್ಕಿ ಬಿರುಕು ಹೀಗೆ ಸ್ವಲ್ಪ ಸ್ವಲ್ಪವಾಗಿ ಬೆಳೆಯುವುದನ್ನೇ ಲೋಹದ ದಣಿವು ಎಂದು ಕರೆಯುವುದು.

ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 110 ಹೆಜ್ಜೆ ಬೀಳುತ್ತವೆ. ಪ್ರತಿ ಹೆಜ್ಜೆಗೂ ನಮ್ಮ ಮೈ ನಾಲ್ಕೈದು ಸೆಂಟಿಮೀಟರ್ ಮೇಲೇರಿ ಇಳಿಯುತ್ತದೆ. ಇದರಿಂದಾಗಿ 5.2 ಕಿಲೋದ ಭಾರವು ಸ್ಟ್ರಾಪಿನ ಮಟ್ಟಿಗೆ ಒಮ್ಮೆ ಮೂರೂವರೆ ಕಿಲೋದಷ್ಟು ಹಗುರವಾಗಿ, ಮರುಕ್ಷಣವೇ ಏಳು ಕಿಲೋದ ಹತ್ತಿರಕ್ಕೆ ಏರುತ್ತದೆ. ದಿನಕ್ಕೆ ಮೂರು ಗಂಟೆ ನಡೆದರೆ ಇಂಥ ಏರಿಳಿತಗಳು ಸುಮಾರು 20 ಸಾವಿರ. ಅಂಥ 50 ದಿನಗಳಿಗೆ 10 ಲಕ್ಷ. ಒಂದು ಋತುವಿಡೀ ಹಕ್ಕಿಗಳ ಬೆನ್ನು ಹತ್ತುವವರ ಸ್ಟ್ರಾಪಿನ ರಿಂಗ್, ತಾನು ಯಾವ ಪ್ರಯೋಗಶಾಲೆಗೂ ಹೋಗದೆಯೇ ವೋಲರ್ ಮಾಡಿದಂಥ ಪರೀಕ್ಷೆಗೆ ಒಳಗಾಗಿರುತ್ತದೆ.

ಇಲ್ಲಿಯವರೆಗಿನದು ಎಂಜಿನಿಯರುಗಳಿಗೆ ತಿಳಿದ ವಿಷಯವೇ. ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದರ ಮುಂದಿನ ಭಾಗ, ಮತ್ತು ಸ್ಟ್ರಾಪ್ ಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ. ನಿಯೋಪ್ರಿನ್‌ನಂಥ ಎಳೆದರೆ ಹಿಗ್ಗುವ ಸ್ಟ್ರಾಪುಗಳು ಭಾರವನ್ನು ಕಡಿಮೆ ಮಾಡುತ್ತವೆ ಎಂಬ ನಂಬಿಕೆಯಿದೆ. ಭಾರ ಹಾಗೆಯೇ ಇರುತ್ತದೆ. ಬದಲಾಗುವುದು ಅದು ಕುಣಿಯುವ ರೀತಿ. ಹಿಗ್ಗುವ ಪಟ್ಟಿಗೆ ತೂಗುಹಾಕಿದ ಯಾವುದೇ ವಸ್ತುವಿಗೆ ತನ್ನದೇ ಆದ ಒಂದು ಸಹಜ ಲಯವಿರುತ್ತದೆ, ಮತ್ತು ಆ ಲಯವನ್ನು ತಿಳಿಯಲು ವಸ್ತುವಿನ ತೂಕವೂ ಬೇಕಿಲ್ಲ, ಪಟ್ಟಿಯ ಜಾತಿಯೂ ಬೇಕಿಲ್ಲ. ವಸ್ತುವನ್ನು ತೂಗುಹಾಕಿದಾಗ ಪಟ್ಟಿ ಎಷ್ಟು ಉದ್ದವಾಯಿತು ಎಂಬ ಒಂದೇ ಅಳತೆ ಸಾಕು. ಒಂದು ಸೆಂಟಿಮೀಟರ್ ಹಿಗ್ಗಿದರೆ ಅದು ಸೆಕೆಂಡಿಗೆ ಐದು ಬಾರಿ ಕುಣಿಯುತ್ತದೆ. 25 ಸೆಂಟಿಮೀಟರ್ ಹಿಗ್ಗಿದರೆ ಒಂದು ಬಾರಿ. ಸರಿಯಾಗಿ ಆರು ಸೆಂಟಿಮೀಟರಿನ ಆಸುಪಾಸಿನಲ್ಲಿ ಹಿಗ್ಗಿದರೆ ಸೆಕೆಂಡಿಗೆ ಎರಡು ಬಾರಿ, ಅಂದರೆ ನಮ್ಮ ಹೆಜ್ಜೆಗಳು ಬೀಳುವ ಗತಿಯಲ್ಲಿಯೇ ಅದು ಕುಣಿಯುತ್ತದೆ.

ಎರಡು ಲಯಗಳು ಹೀಗೆ ಕೂಡಿಕೊಂಡಾಗ ಅನುರಣನ ಉಂಟಾಗುತ್ತದೆ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಕುಣಿತಕ್ಕೆ ಇನ್ನಷ್ಟು ಶಕ್ತಿ ಸೇರಿಸುತ್ತ ಹೋಗುತ್ತದೆ, ಮತ್ತು ಅದನ್ನು ತಡೆಯುವುದು ಪಟ್ಟಿಯ ಒಳಗಿನ ಹಾಗೂ ಹೆಗಲಿನ ಮಾಂಸಖಂಡದ ತಿಕ್ಕಾಟ ಮಾತ್ರ. ಸಂಖ್ಯೆಯಲ್ಲಿ ಹೇಳುವುದಾದರೆ, ಒಂದು ಸೆಂಟಿಮೀಟರ್ ಹಿಗ್ಗುವ ಬಿಗಿಯಾದ ನೈಲಾನ್ ಪಟ್ಟಿಯಲ್ಲಿ ಹೆಜ್ಜೆಯ ಏರಿಳಿತ ಸುಮಾರು 1.2 ಪಟ್ಟಾಗುತ್ತದೆ. ಮೂರು ಸೆಂಟಿಮೀಟರ್ ಹಿಗ್ಗಿದರೆ ಹೆಚ್ಚುಕಡಿಮೆ ಎರಡು ಪಟ್ಟು. ಬಿರುಕು ಮೂಡಿದ ಉಕ್ಕಿನಲ್ಲಿ ಏರಿಳಿತ ಎರಡು ಪಟ್ಟಾದರೆ ಉಳಿದ ಆಯುಷ್ಯ ಅರ್ಧವಾಗುವುದಲ್ಲ, ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಾಧಾರಣ ಲೆನ್ಸಿಗೆ ಹಿತವಾಗಿದ್ದ ಅದೇ ಮೆತ್ತನೆಯ ಸ್ಟ್ರಾಪ್, ಐದು ಕಿಲೋ ಬಿದ್ದೊಡನೆ ತನ್ನ ತುದಿಯ ರಿಂಗುಗಳಿಗೆ ಶತ್ರುವಾಗುವುದು ಹೀಗೆ. ಸ್ಟ್ರಾಪನ್ನು ಗಟ್ಟಿಯಾದ ಗೂಟಕ್ಕೆ ತಗುಲಿಸಿ, ಕೆಳಗೆ ದಿಂಬು ಇಟ್ಟು, ಕ್ಯಾಮೆರಾದಷ್ಟೇ ತೂಕದ ನೀರಿನ ಕ್ಯಾನ್ ನೇತುಹಾಕಿ ಸ್ಕೇಲಿನಲ್ಲಿ ಅಳೆದರೆ ಉತ್ತರ ಸಿಗುತ್ತದೆ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗುವ ಸ್ಟ್ರಾಪನ್ನು ಭಾರದ ಲೆನ್ಸಿಗೆ ನಾನು ಬಳಸುವುದಿಲ್ಲ.

1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರಾಟನ್ ತೂಗುಸೇತುವೆಯ ಮೇಲೆ 74 ಸೈನಿಕರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಾಗ ಸೇತುವೆ ಕುಣಿಯತೊಡಗಿ, ಕುಸಿದು, ಸುಮಾರು 40 ಮಂದಿ ನೀರಿಗೆ ಬಿದ್ದರು. ಸೈನಿಕರು ಸೇತುವೆಯ ಮೇಲೆ ಹೆಜ್ಜೆ ಕೂಡಿಸಬಾರದೆಂಬ ಆಜ್ಞೆ ಬ್ರಿಟಿಷ್ ಸೇನೆಯಲ್ಲಿ ಬಂದದ್ದು ಆಮೇಲೆ. ಅಲ್ಲಿ ಮುರಿದದ್ದು ಸರಪಳಿಯನ್ನು ಹಿಡಿದಿದ್ದ ಒಂದು ಬೋಲ್ಟ್. ಈ ಘಟನೆಯನ್ನು ಹೇಳುವವರೆಲ್ಲ ಹೆಜ್ಜೆಗಳನ್ನು ನೆನೆಯುತ್ತಾರೆ, ಬೋಲ್ಟನ್ನು ಮರೆಯುತ್ತಾರೆ.

ನಡಿಗೆಯ ಏರಿಳಿತಕ್ಕಿಂತ ಬೇರೆಯದು ಜಗ್ಗುವ ಪೆಟ್ಟು. ಸಫಾರಿ ಜೀಪು ಗುಂಡಿಗೆ ಇಳಿದಾಗ ತೊಡೆಯ ಮೇಲಿನ ಕ್ಯಾಮೆರಾ ಜಾರಿ 15 ಸೆಂಟಿಮೀಟರ್ ಬಿದ್ದು, ಸ್ಟ್ರಾಪ್ ಅದನ್ನು ಒಂದೂವರೆ ಸೆಂಟಿಮೀಟರಿನಲ್ಲಿ ತಡೆದು ನಿಲ್ಲಿಸಿದರೆ, ಆ ಕ್ಷಣದ ಸರಾಸರಿ ಎಳೆತ ಭಾರದ 11 ಪಟ್ಟು, ಅಂದರೆ 57 ಕಿಲೋ. ಐದು ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ 21 ಕಿಲೋ. ಹಾಗಾದರೆ ಹಿಗ್ಗುವ ಸ್ಟ್ರಾಪೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಪೆಟ್ಟಿನ ಮಟ್ಟಿಗೆ ಹೌದು, ನಡಿಗೆಯ ಮಟ್ಟಿಗೆ ಅಲ್ಲ. ಈ ಎರಡರ ನಡುವೆ ಆಯ್ದುಕೊಳ್ಳಬೇಕಾದ ಅನಿವಾರ್ಯತೆಯನ್ನು ತಪ್ಪಿಸಲು ಬೀಳುವ ಎತ್ತರವನ್ನೇ ಇಲ್ಲವಾಗಿಸುವುದು ಉತ್ತಮ. ಸ್ಟ್ರಾಪನ್ನು ಸಡಿಲು ಬಿಡದೆ ಗಿಡ್ಡವಾಗಿ, ಎದೆಗೆ ಅಡ್ಡಲಾಗಿ ಧರಿಸಿ, ನಡೆಯುವಾಗ ಒಂದು ಕೈಯನ್ನು ಲೆನ್ಸಿನ ಮೇಲಿಡಬೇಕು. ವಾಹನದಲ್ಲಿ ಭಾರವನ್ನು ಬೀನ್ ಬ್ಯಾಗ್ (ಲೆನ್ಸಿಗೆ ಆಸರೆಯಾಗುವ, ಕಾಳು ತುಂಬಿದ ಚೀಲ) ಹೊರಬೇಕು, ಸ್ಟ್ರಾಪ್ ಅಲ್ಲ.

ಇನ್ನು ಸವೆತ. ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ಗೀರುವಂತೆ, ನೈಲಾನ್ ಪಟ್ಟಿಯೂ ಲೋಹದ ಕೊಂಡಿಯನ್ನು ಗೀರುತ್ತದೆ, ಏಕೆಂದರೆ ನಾರುಗಳ ನಡುವೆ ಸಿಕ್ಕಿಕೊಂಡ ಮರಳಿನ ಕಣಗಳಲ್ಲಿರುವ ಸ್ಫಟಿಕಶಿಲೆ ಮೆತ್ತಗಿನ ಉಕ್ಕಿಗಿಂತ ಗಡುಸು. ಉಕ್ಕಿನ ರಿಂಗ್ ಮತ್ತು ಕೊಂಡಿಯ ನಡುವೆಯೂ ಇದೇ ಉಜ್ಜಾಟ ನಡೆಯುತ್ತದೆ. ಅಲ್ಲಿ ಮೂಡುವ ಗೀರು ರ‍್ಯಾಂಕಿನ್ ಹೇಳಿದ ಚೂಪು ಮೂಲೆಯ ಕೆಲಸವನ್ನೇ ಮಾಡುತ್ತದೆ.

ಬಕಲ್ಲಿನಲ್ಲಿ ಪಟ್ಟಿಯನ್ನು ಹಿಡಿದಿರುವುದು ತಿಕ್ಕಾಟ ಒಂದೇ. 18ನೆಯ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿದಂತೆ, ಪಟ್ಟಿಯು ಒಂದು ಕಂಬಿಯನ್ನು ಸುತ್ತಿದಷ್ಟೂ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ತಿಕ್ಕಾಟದ ಗುಣಾಂಕ, ಅಂದರೆ ಎರಡು ಮೈಗಳ ನಡುವಿನ ತಿಕ್ಕಾಟದ ಅಳತೆ, 0.3 ಇದ್ದಾಗ ಅರ್ಧ ಸುತ್ತಿಗೆ ಹಿಡಿತ ಎರಡೂವರೆ ಪಟ್ಟು, ಒಂದು ಸುತ್ತಿಗೆ ಆರೂವರೆ ಪಟ್ಟು, ಒಂದೂವರೆ ಸುತ್ತಿಗೆ ಸುಮಾರು 17 ಪಟ್ಟು. ಪಟ್ಟಿಯ ತುದಿಯನ್ನು ಬಕಲ್ಲಿನೊಳಗೆ ಮತ್ತೊಮ್ಮೆ ಹಿಂದಿರುಗಿಸಿ ಪೋಣಿಸಬೇಕೆನ್ನುವುದರ ಹಿಂದೆ ಇರುವುದು ಈ ಗುಣಾಕಾರ. ಬೆವರು ಅಥವಾ ಸನ್‌ಸ್ಕ್ರೀನ್ ಎಣ್ಣೆ ಸೇರಿ ಗುಣಾಂಕ 0.2ಕ್ಕೆ ಇಳಿದರೆ ಒಂದು ಸುತ್ತಿನ ಆರೂವರೆ ಪಟ್ಟು ಮೂರೂವರೆಗೆ ಕುಸಿಯುತ್ತದೆ, ಮತ್ತು ಪಟ್ಟಿ ಕಾಣದಷ್ಟು ನಿಧಾನವಾಗಿ ಜಾರತೊಡಗುತ್ತದೆ. ಹೊರಗುಳಿದ ತುದಿ ನಾಲ್ಕೈದು ಸೆಂಟಿಮೀಟರ್ ಇರಲಿ. ಅದರ ಮೇಲೆ ಬಕಲ್ಲಿನ ಅಂಚಿಗೆ ಸರಿಯಾಗಿ ಬಣ್ಣದ ದಾರದಿಂದ ಒಂದು ಹೊಲಿಗೆ ಹಾಕಿದರೆ ಜಾರುವಿಕೆ ಕಣ್ಣಿಗೆ ಕಾಣುತ್ತದೆ.

ಟ್ರೈಪಾಡ್ ಸ್ಕ್ರೂ ಇರುವ ಜಾಗದಿಂದ ಕ್ಯಾಮೆರಾವನ್ನು ತಲೆಕೆಳಗಾಗಿ ನೇತುಹಾಕುವ ಸ್ಟ್ರಾಪುಗಳಿಗೆ ಬೇರೊಂದು ಕಾಯಿಲೆಯಿದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದ್ದೇನೆಂದರೆ, ಸ್ಕ್ರೂಗಳನ್ನು ಬಿಚ್ಚುವುದರಲ್ಲಿ ಮೇಲೆ ಕೆಳಗೆ ಎಳೆಯುವ ಬಲಕ್ಕಿಂತ ಅಡ್ಡಡ್ಡವಾಗಿ ಅಲುಗಿಸುವ ಬಲವೇ ಹೆಚ್ಚು ಸಮರ್ಥ. ತೊಡೆಯ ಪಕ್ಕದಲ್ಲಿ ಹಿಂದೆ ಮುಂದೆ ತೂಗಾಡುವ ಲೆನ್ಸು ಸ್ಕ್ರೂವನ್ನು ಅಡ್ಡಡ್ಡವಾಗಿಯೇ ಅಲುಗಿಸುತ್ತದೆ. ಬೆರಳಿನಿಂದ ತಿರುಗಿಸಿದರೆ ಸಾಲದು. ಬಿಗಿತ ಉಳಿಯುವಂತೆ ರಬ್ಬರ್ ವಾಷರ್ ಇರಬೇಕು, ಹೊರಡುವ ಮುನ್ನ ಪ್ರತಿ ಸಲವೂ ತಿರುಗಿಸಿ ನೋಡಬೇಕು. ಖಾಯಂ ಆಗಿ ಕೂರಿಸುವ ಪ್ಲೇಟಿನ ಸ್ಕ್ರೂಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಬಹುದು, ಆದರೆ ಅದು ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಮೂಡಿಸುವುದರಿಂದ ಕ್ಯಾಮೆರಾದ ಮೈಗೆ ತಾಗದಂತೆ ಎಚ್ಚರ ವಹಿಸಬೇಕು.

ಎಲ್ಲಿಂದ ನೇತುಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ದೊಡ್ಡ ಟೆಲಿಫೋಟೋ ಲೆನ್ಸುಗಳಿಗೆ ತಯಾರಕರು ಪ್ರತ್ಯೇಕ ಕೊಂಡಿಗಳನ್ನು ಕೊಟ್ಟಿರುವುದು ಸ್ಟ್ರಾಪ್ ಅಲ್ಲಿಗೇ ಬರಲಿ ಎಂದು. ಲೆನ್ಸಿನ ಗುರುತ್ವಕೇಂದ್ರ ಮೌಂಟಿನಿಂದ, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂಡುವ ಜಾಗದಿಂದ, 20 ಸೆಂಟಿಮೀಟರ್ ಮುಂದಿದೆ ಎಂದುಕೊಂಡರೆ, ಕ್ಯಾಮೆರಾವನ್ನಷ್ಟೇ ಹಿಡಿದು ಲೆನ್ಸನ್ನು ಅಡ್ಡಲಾಗಿ ಚಾಚಿದಾಗ ಮೌಂಟಿನ ಮೇಲೆ ಏಳೂವರೆ ನ್ಯೂಟನ್-ಮೀಟರ್ ತಿರುಚುಬಲ ಬೀಳುತ್ತದೆ. ಕ್ಯಾಮೆರಾದ ಕೊಂಡಿಗಳಿಂದ ತೂಗುಹಾಕಿ ನಡೆದಾಗ ಲೆನ್ಸಿನ ಅಷ್ಟೂ ಭಾರ, ಹೆಜ್ಜೆಯ ಅಷ್ಟೂ ಏರಿಳಿತ, ಮೌಂಟಿನ ಸಣ್ಣ ಸ್ಕ್ರೂಗಳ ಮೂಲಕವೇ ಹಾದುಹೋಗಬೇಕು. ಮುಖ್ಯ ಸ್ಟ್ರಾಪ್ ಲೆನ್ಸಿಗಿರಲಿ. ಕ್ಯಾಮೆರಾದ ಕೊಂಡಿಯಿಂದ ಸ್ಟ್ರಾಪಿಗೆ ಒಂದು ತೆಳ್ಳಗಿನ, ಸ್ವಲ್ಪವೇ ಸಡಿಲವಾದ ಎರಡನೆಯ ದಾರವಿರಲಿ. ಈ ಎರಡನೆಯದು ಮೊದಲನೆಯದರ ರಿಂಗನ್ನೋ ಸ್ಕ್ರೂವನ್ನೋ ಹಂಚಿಕೊಂಡರೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ನಮ್ಮ ಹವೆಯೂ ಲೆಕ್ಕಕ್ಕೆ ಬರಬೇಕು. ನೈಲಾನ್ ನೀರು ಹೀರಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳಿಗೆ ನಿಧಾನವಾಗಿ ಸವೆಯುತ್ತದೆ; ಪಾಲಿಯೆಸ್ಟರ್ ಎರಡನ್ನೂ ಹೆಚ್ಚು ಚೆನ್ನಾಗಿ ತಾಳುತ್ತದೆ. ಕರಾವಳಿಯಲ್ಲಿ ಚಿತ್ರ ತೆಗೆದು ಬಂದವರು ಕ್ಯಾಮೆರಾವನ್ನು ಒರೆಸುತ್ತಾರೆ, ಸ್ಟ್ರಾಪನ್ನು ಹಾಗೆಯೇ ಬಿಡುತ್ತಾರೆ. ನಾರಿನೊಳಗೆ ಒಣಗಿದ ಉಪ್ಪು ಪಕ್ಕದ ಉಕ್ಕಿನ ರಿಂಗಿಗೆ ತುಕ್ಕು ಹಿಡಿಸುತ್ತದೆ. ಅದನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಆಯುಧಪೂಜೆಯ ದಿನ ನಮ್ಮಲ್ಲಿ ಕ್ಯಾಮೆರಾಗಳಿಗೂ ಕುಂಕುಮ, ಹೂವು ಸಲ್ಲುತ್ತವೆ. ಉಪಕರಣವನ್ನು ಗೌರವದಿಂದ ಕಾಣುವ ಆ ಪದ್ಧತಿಯನ್ನು ನಾನು ಪ್ರೀತಿಸುತ್ತೇನೆ. ಆದರೆ ಪೂಜೆ ರಿಂಗಿನ ಬಿರುಕನ್ನು ಮುಚ್ಚುವುದಿಲ್ಲ. ಆ ದಿನ ಪೂಜೆಗೆ ಮುಂಚೆ ಸ್ಟ್ರಾಪನ್ನು ಪೂರ್ತಿ ಬಿಚ್ಚಿ, ರಿಂಗ್ ಮತ್ತು ಕೊಂಡಿಗಳ ಮೇಲೆ ಒಂದು ತುಣುಕು ಹತ್ತಿಯನ್ನು ಸವರಬೇಕು. ಕಣ್ಣಿಗೆ ತಪ್ಪಿಹೋದ ಬಿರುಕಿಗೋ ಮುಳ್ಳಿಗೋ ಹತ್ತಿಯ ಎಳೆ ಸಿಕ್ಕಿಕೊಳ್ಳಬಹುದು. ಸುರುಳಿ ರಿಂಗಿನ ಎರಡು ಸುತ್ತುಗಳ ನಡುವೆ ಬೆಳಕು ಕಂಡರೆ ಅದು ಹಿಗ್ಗಿದೆ ಎಂದರ್ಥ. ಹೊಲಿಗೆಯ ದಾರ ಒಂದೆಡೆ ಬಿಟ್ಟಿದ್ದರೆ, ಪಟ್ಟಿಯ ಅಂಚು ನವಿರೆದ್ದಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಪಟ್ಟಿ ಒರಟಾಗಿದ್ದರೆ ಅದನ್ನು ರಿಪೇರಿ ಮಾಡದೆ ಬದಲಿಸಬೇಕು. ಭಾರದ ಲೆನ್ಸು ಹೊರುವವರು ಇದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಲದು; ತಿಂಗಳಿಗೊಮ್ಮೆಯಾದರೂ, ದೀರ್ಘ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ತಪ್ಪದೆ ಮಾಡಬೇಕು. ತೆಗೆದ ಹಳೆಯ ರಿಂಗನ್ನೂ ಪಟ್ಟಿಯನ್ನೂ ಕಟ್ಟರಿನಿಂದ ಎರಡು ತುಂಡು ಮಾಡಿಯೇ ಎಸೆಯಬೇಕು, ಇಲ್ಲದಿದ್ದರೆ ಅವು ಮನೆಯ ಯಾವುದೋ ಡಬ್ಬಿಯಿಂದ ಎದ್ದು ಇನ್ನೊಂದು ಕ್ಯಾಮೆರಾಕ್ಕೆ ಸೇರುತ್ತವೆ.